ಚಾನಲ್ ಏರಿ ಮೇಲಿನ ದಾರಿ: ಗೆರೆ ಎಳೆಯೋಕ್ ಮುಂಚೆ ಯಾರನ್ನ ಕೇಳ್ಬೇಕು

ಬೆಳಿಗ್ಗೆ ಐದೂವರೆಗೆ ಶಿವಮೊಗ್ಗದ ವಿನೋಬನಗರದ ಕಡೆಯಿಂದ ತುಂಗಾ ಚಾನಲ್ ಏರಿ ಹತ್ತಿ ನೋಡಿ, ಅಲ್ಲೊಂದು ದಾರಿ ಆಗ್ಲೇ ಇದೆ. ಯಾರೂ ಕಟ್ಟಿಸಿದ್ದಲ್ಲ, ಬೋರ್ಡಿಲ್ಲ, ಜನ ನಡೆದೂ ನಡೆದೂ ಗರಸು ಮಣ್ಣು ಗಟ್ಟಿಯಾಗಿ ಹುಲ್ಲಿನ ಮಧ್ಯ ಒಂದೂವರೆ ಅಡಿ ಅಗಲಕ್ಕೆ ಬೆಳ್ಳಗೆ ಕಾಣತ್ತೆ ಅಷ್ಟೆ. ಮಫ್ಲರ್ ಸುತ್ಕೊಂಡ ರಿಟೈರ್ಡ್ ಮೇಷ್ಟ್ರು, ಪೂಜೆಗೆ ಹೂ ಕೊಯ್ಯೋಕೆ ಕವರ್ ಹಿಡ್ಕೊಂಡು ಬಂದ ಹೆಂಗಸ್ರು, ಕ್ಯಾನ್ ಕಟ್ಕೊಂಡು ಹಾಲು ಹಾಕೋಕೆ ಹೊರಟ ಸೈಕಲ್, ಆರು ಗಂಟೆ ದಾಟಿದ್ರೆ ಟಿಫಿನ್ ಬಾಕ್ಸ್ ಹಿಡ್ಕೊಂಡು ಮನೆಗೆಲಸಕ್ಕೆ ಹೋಗೋ ಅಕ್ಕಂದಿರು, ಎಂಟೂವರೆಗೆ ಸ್ಕೂಲ್ ಮಕ್ಕಳು. ಇಷ್ಟು ಜನ ಬಳಸ್ತಿರೋ ದಾರಿನ ನಾವು ದಾರಿ ಅಂತ ಲೆಕ್ಕಕ್ಕೇ ತಗೊಂಡಿಲ್ಲ, ಯಾಕಂದ್ರೆ ಅದು ಯಾವ ಮ್ಯಾಪಲ್ಲೂ ಇಲ್ಲ.

ಶಿವಮೊಗ್ಗದಲ್ಲಿ ಹೊಳೆ ದಂಡೆಯಿಂದ ಹಿಡಿದು ಚಾನಲ್ ಏರಿವರೆಗೆ ಒಂದೇ ಸಮ ನಡ್ಕೊಂಡೋ ಸೈಕಲ್ಲಲ್ಲೋ ಹೋಗೋ ಹಾಗೆ ಒಂದು ದಾರಿ ಆಗ್ಬೇಕು ಅನ್ನೋ ಮಾತು ವಾಕಿಂಗ್ ಬಂದೋರ ಮಧ್ಯೆ ಆಗಾಗ ಬರ್ತಾನೇ ಇರತ್ತೆ. ನಂಗೂ ಅದು ಬೇಕು, ತುಂಬಾ ಬೇಕು. ಆದ್ರೆ ಇಂಥ ಕೆಲ್ಸದಲ್ಲಿ ದುಡ್ಡು ಬರೋದು, ಟೆಂಡರ್ ಆಗೋದು, ಜೆಸಿಬಿ ಬರೋದು ಎಲ್ಲಾ ಆದ್ಮೇಲೆ ಕೊನೆಗೆ ಜನರ ಅಭಿಪ್ರಾಯ ಕೇಳೋ ಅಭ್ಯಾಸ ಇದೆಯಲ್ಲ, ಅದೇ ಕ್ರಮದಲ್ಲಿ ಇದೂ ಆದ್ರೆ ಈಗಿರೋ ಒಂದೂವರೆ ಅಡಿ ದಾರಿನೂ ಹೋಗತ್ತೆ ಅನ್ನೋದು ನನ್ನ ಆತಂಕ. ಹಾಗಾಗಿ ಈ ದಾರಿ ಎಲ್ಲೆಲ್ಲಿ ಹಾಯಬಹುದು, ಎಲ್ಲಿ ತೊಡಕು, ಯಾರನ್ನ ಯಾವಾಗ ಹೇಗೆ ಕೇಳ್ಬೇಕು ಅಂತ ಸ್ವಲ್ಪ ಬಿಡಿಸಿ ಬರೀತೀನಿ.

ಮೊದಲು ಇದೇನು ಅಂತ. ಹೊರದೇಶದಲ್ಲಿ ಮಲ್ಟಿ ಯೂಸ್ ಟ್ರೇಲ್ ಅಂತಾರೆ, ಅಂದ್ರೆ ಮೋಟಾರ್ ಗಾಡಿ ಬರದ, ನಡೆಯೋರು, ಓಡೋರು, ಸೈಕಲ್, ವೀಲ್‌ಚೇರ್, ಮಗು ಕೂರಿಸ್ಕೊಂಡು ತಳ್ಳೋ ಗಾಡಿ, ಎಲ್ಲಾ ಒಟ್ಟಿಗೆ ಹೋಗೋ ದಾರಿ. ರಸ್ತೆ ಪಕ್ಕದ ಫುಟ್‌ಪಾತ್ ಬೇರೆ, ಇದು ಬೇರೆ. ಫುಟ್‌ಪಾತಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋದು ಅಡೆತಡೆ ಇಲ್ಲದ 1.8 ಮೀಟರ್ ಅಗಲ ಕನಿಷ್ಠ ಬೇಕು ಅಂತ. ಎರಡೂ ಕಡೆಯಿಂದ ಜನಾನೂ ಸೈಕಲ್ಲೂ ಬರೋ ದಾರಿಗೆ ಅಮೆರಿಕದವ್ರು ಇಟ್ಕೊಂಡಿರೋ ಅಳತೆ 10 ಅಡಿ, ಜಾಗ ಇಲ್ಲೇ ಇಲ್ಲ ಅನ್ನೋ ಕಡೆ ಮಾತ್ರ 8 ಅಡಿ. ಈ 10 ಅಡಿ ಸುಮ್ನೆ ಬಂದಿದ್ದಲ್ಲ. ನಡೆಯೋರ ಸ್ಪೀಡು ಗಂಟೆಗೆ 4-5 ಕಿಲೋಮೀಟರ್, ಸೈಕಲ್ಲಿನದು ಆರಾಮಾಗಿ 15, ಇಬ್ರು ಮಾತಾಡ್ಕೊಂಡು ಪಕ್ಕಪಕ್ಕ ಹೋಗ್ತಿರ್ತಾರೆ, ಹಿಂದಿಂದ ಬೆಲ್ ಆಗತ್ತೆ, ಒಬ್ರು ಎಡಕ್ಕೆ ಒಬ್ರು ಬಲಕ್ಕೆ ಸರೀತಾರೆ, ಸೈಕಲ್‌ನವನಿಗೆ ಯಾವ ಕಡೆ ಹೋಗ್ಬೇಕು ಗೊತ್ತಾಗಲ್ಲ. ಜಾಗ ಕಮ್ಮಿ ಆದಷ್ಟೂ ವಯಸ್ಸಾದೋರೇ ಮೊದಲು ಬರೋದು ಬಿಡ್ತಾರೆ.

ಈಗ ಊರಿಗೆ ಬರೋಣ. ಶಿವಮೊಗ್ಗಕ್ಕೆ ಮೂರು ಥರದ ಉದ್ದದ ಜಾಗಗಳಿವೆ, ಬೇರೆ ಊರವ್ರಿಗೆ ಹೊಟ್ಟೆಕಿಚ್ಚಾಗೋ ಅಷ್ಟು. ಒಂದು ತುಂಗಾ ಹೊಳೆ ದಂಡೆ, ಎರಡು ತುಂಗಾ ಚಾನಲ್ ಏರಿ, ಮೂರು ಹಳೇ ಬಡಾವಣೆಗಳ ಕನ್ಸರ್ವೆನ್ಸಿ.

ಹೊಳೆ ದಂಡೆ ಎಲ್ರಿಗೂ ಗೊತ್ತಿರೋದೇ. 2016ರ ಸೆಪ್ಟೆಂಬರಲ್ಲಿ ಹುಬ್ಬಳ್ಳಿ-ಧಾರವಾಡ, ಮಂಗಳೂರು, ತುಮಕೂರಿನ ಜೊತೆ ಶಿವಮೊಗ್ಗವೂ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ಆ ದುಡ್ಡಲ್ಲಿ ದಂಡೆ ಮೇಲೆ ನಡೆಯೋಕೆ, ಸೈಕಲ್ ಹೊಡೆಯೋಕೆ ಜಾಗ ಆಯ್ತು. ಸಂಜೆ ಹೊತ್ತು ಅಲ್ಲಿ ಕೂತ್ರೆ ಗಾಳಿ ಚೆನ್ನಾಗಿರತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಹೊಳೆ ಅಂದ್ರೆ ಆಗುಂಬೆ, ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದ ಮಳೆ ಎಲ್ಲಾ ಇಲ್ಲಿ ಬಂದು ಹಾಯೋ ಜಾಗ. ನಮ್ಮೂರಲ್ಲಿ ಹೊಳೆ ನೀರಿನ ಮಟ್ಟ ಯಾರೂ ಮೀಟರಲ್ಲಿ ಕೇಳಲ್ಲ, ಮಂಟಪ ಮುಳುಗ್ತಾ ಅಂತ ಕೇಳ್ತಾರೆ. ಕೋರ್ಪಲಯ್ಯನ ಛತ್ರದ ಹತ್ರ ಹೊಳೆಲಿರೋ ಆ ಕಲ್ಲಿನ ಮಂಟಪ ಮುಳುಗಿತು ಅಂದ್ರೆ ತಗ್ಗು ಬಡಾವಣೆಯವ್ರು ಸಾಮಾನು ಅಟ್ಟಕ್ಕೆ ಏರ್ಸೋಕೆ ಶುರು ಮಾಡ್ತಾರೆ. 2019ರ ಆಗಸ್ಟಲ್ಲಿ ನೀರು ಮನೆ ಒಳಗೇ ಬಂತು. ಅಲ್ಲಿ ದಾರಿ ಮಾಡೋದು ಅಂದ್ರೆ ವರ್ಷದಲ್ಲಿ ಕೆಲವು ದಿನ ಇದು ಹೊಳೆಗೆ ಸೇರಿದ್ದು ಅಂತ ಒಪ್ಕೊಂಡೇ ಮಾಡೋದು. ಜೊತೆಗೆ ದಂಡೆ ಮೇಲೆ ಬಟ್ಟೆ ಒಗೆಯೋರು, ಪಿಂಡ ಬಿಡೋಕೆ ಬರೋರು, ಗಾಳ ಹಾಕೋರು, ಗಣಪತಿ ಬಿಡೋರು ಇವ್ರೆಲ್ಲಾ ವಾಕಿಂಗ್‌ನವರಿಗಿಂತ ಎಷ್ಟೋ ತಲೆಮಾರು ಮುಂಚಿಂದ ಇರೋರು.

ಕನ್ಸರ್ವೆನ್ಸಿ ಬಗ್ಗೆ ಹೊಸಬ್ರಿಗೆ ಒಂದು ಮಾತು ಹೇಳ್ಬೇಕು. ದುರ್ಗಿಗುಡಿ, ಜಯನಗರ, ತಿಲಕನಗರದಂಥ ಕಡೆ ಎರಡು ಸಾಲು ಮನೆಗಳ ಹಿತ್ತಲ ಮಧ್ಯೆ ಒಂದು ಗಲ್ಲಿ ಇರತ್ತೆ. ಅದು ಇದ್ದಿದ್ದು ಮಲ ಹೊತ್ಕೊಂಡು ಹೋಗೋ ಜನ ಮುಂಬಾಗಿಲ ಕಡೆ ಕಾಣ್ಬಾರದು ಅಂತ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಆ ಪದ್ಧತಿ ನಿಲ್ಲಿಸಿದ್ರು. ಗಲ್ಲಿ ಮಾತ್ರ ಉಳೀತು, ಆಮೇಲೆ ಕಸ ಬಿಸಾಕೋ ಜಾಗ ಆಯ್ತು, ಈಚೆಗೆ ಕೆಲವು ಕಡೆ ಕ್ಲೀನ್ ಮಾಡಿ ಟೈಲ್ಸ್ ಹಾಕಿ ಲೈಟ್ ಹಾಕಿದ್ದಾರೆ. ಯಾರನ್ನ ಕಣ್ಣಿಂದ ಮರೆ ಮಾಡೋಕೆ ಮಾಡಿದ ದಾರಿಯೋ ಅದೇ ದಾರಿಲಿ ಈಗ ಮಕ್ಕಳು ಸೈಕಲ್ ಹೊಡೀಬಹುದು ಅಂದ್ರೆ ನಂಗೆ ಅದೊಂದು ದೊಡ್ಡ ವಿಷಯ. ಟ್ರಾಫಿಕ್ ಇಲ್ಲ, ನೆರಳಿದೆ, ಅಲ್ಲಲ್ಲಿ ಮೇನ್ ರೋಡಿಗೆ ಕೂಡತ್ತೆ. ಹೊಳೆ ಕಡೆಗೂ ಚಾನಲ್ ಕಡೆಗೂ ಮಧ್ಯ ಕೊಂಡಿ ಹಾಕೋಕೆ ಇವು ಬಿಟ್ರೆ ಬೇರೆ ಜಾಗಾನೇ ಇಲ್ಲ ಅನ್ನಬಹುದು.

ಚಾನಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ದಾರಿ ಉದ್ದ ಸಿಗೋದು ಅಲ್ಲೇ, ತಕರಾರು ಬರೋದೂ ಅಲ್ಲೇ. ತೀರ್ಥಹಳ್ಳಿ ರೋಡಲ್ಲಿ ಹತ್ತು-ಹನ್ನೆರಡು ಕಿಲೋಮೀಟರ್ ಹೋದ್ರೆ ಗಾಜನೂರು ಡ್ಯಾಮ್, ಅಲ್ಲಿಂದ ಗದ್ದೆ ತೋಟಕ್ಕೆ ನೀರು ಹೊತ್ಕೊಂಡು ಬರೋ ಚಾನಲ್ ಊರೊಳಗೇ ಹಾದು ಹೋಗತ್ತೆ. ಚಾನಲ್ ಆದಾಗ ಸುತ್ತ ಗದ್ದೆ ಇತ್ತು, ಈಗ ಮನೆ. ಏರಿ ಮಾತ್ರ ಇವತ್ತಿಗೂ ನೀರಾವರಿ ಇಲಾಖೆಗೆ ಸೇರಿದ್ದು, ಮಹಾನಗರ ಪಾಲಿಕೆದಲ್ಲ. ಪಾಲಿಕೆ, ನೀರಾವರಿ, ಸೂಡಾ ಅಂದ್ರೆ ನಗರಾಭಿವೃದ್ಧಿ ಪ್ರಾಧಿಕಾರ, ಮೇನ್ ರೋಡ್ ಕ್ರಾಸ್ ಆಗೋ ಕಡೆ ಲೋಕೋಪಯೋಗಿ, ಕರೆಂಟ್ ಕಂಬಕ್ಕೆ ಮೆಸ್ಕಾಂ, ಹೀಗೆ ಒಂದೇ ದಾರಿಗೆ ಐದು ಯಜಮಾನ್ರು. ಇವ್ರೆಲ್ಲಾ ಒಂದೇ ದಿನ ಏರಿ ಮೇಲೆ ನಿಂತು ಮಾತಾಡದೇ ಹೋದ್ರೆ ಏನಾಗತ್ತೆ ಅಂತ ಒಂದೇ ಉದಾಹರಣೆಲಿ ಹೇಳ್ತೀನಿ. ಚಾನಲಿಗೆ ಹೂಳು ತುಂಬತ್ತೆ, ಕಸ ತುಂಬತ್ತೆ, ನೀರು ನಿಲ್ಲಿಸಿದಾಗ ಹಿಟಾಚಿ ಬಂದು ಏರಿ ಮೇಲೆ ನಿಂತು ಹೂಳು ಎತ್ಬೇಕು, ಎತ್ತಿದ್ದನ್ನ ಅಲ್ಲೇ ಏರಿ ಮೇಲೇ ಹಾಕ್ಬೇಕು, ಒಣಗಿದ್ಮೇಲೆ ಟಿಪ್ಪರ್ ಬಂದು ಒಯ್ಬೇಕು. ಈಗ ಅದೇ ಏರಿ ಮೇಲೆ ನೀವು ಚಂದದ ಇಂಟರ್‌ಲಾಕ್ ಟೈಲ್ಸ್ ಹಾಕಿ ಸ್ಟೀಲ್ ರೇಲಿಂಗ್ ನಿಲ್ಸಿದ್ರೆ ಹಿಟಾಚಿ ಎಲ್ಲಿ ನಿಲ್ಲತ್ತೆ? ಒಂದೋ ರೇಲಿಂಗ್ ಮುರಿಯತ್ತೆ, ಇಲ್ಲಾಂದ್ರೆ ಹೂಳೆತ್ತೋದು ನಿಲ್ಲತ್ತೆ. ಹೂಳೆತ್ತೋದು ನಿಂತ್ರೆ ಕೆಳಗಿನ ಗದ್ದೆಗೆ ನೀರು ಹೋಗಲ್ಲ, ಮಳೆಗಾಲದಲ್ಲಿ ಏರಿ ದಾಟಿ ಮನೆಗೆ ಬರತ್ತೆ. ಅಂದ್ರೆ ವಾಕಿಂಗ್ ದಾರಿ ಬಗ್ಗೆ ಅಭಿಪ್ರಾಯ ಕೇಳ್ಬೇಕಾದ ಜನರಲ್ಲಿ ಊರಾಚೆ ಚಾನಲ್ ಕೊನೆಲಿರೋ ರೈತರೂ ಇದಾರೆ. ಅವ್ರು ಈ ದಾರಿಲಿ ಒಂದು ದಿನಾನೂ ವಾಕ್ ಮಾಡಲ್ಲ, ಆದ್ರೂ ಅವ್ರನ್ನ ಕೇಳ್ಬೇಕು.

ಏರಿ ಪಕ್ಕದ ಮನೆಯವ್ರ ಭಯ ಸುಳ್ಳಲ್ಲ. ಹೆಚ್ಚಿನ ಮನೆಗಳ ಹಿಂಬಾಗಿಲು ಚಾನಲ್ ಕಡೆಗೆ. ಬಚ್ಚಲು ಹಿಂದೆ, ಬಟ್ಟೆ ಒಣಹಾಕೋದು ಹಿಂದೆ, ಹೆಣ್ಮಕ್ಳು ಸಂಜೆ ಕೂತು ಹೂ ಕಟ್ಟೋದು ಹಿಂದೆ. ಅಲ್ಲಿ ದಿನಾ ನೂರಾರು ಅಪರಿಚಿತರು ಓಡಾಡ್ತಾರೆ ಅಂದ್ರೆ ಯಾರಿಗಾದ್ರೂ ಕಸಿವಿಸಿ ಆಗತ್ತೆ. ಕಳ್ಳರು ಬರ್ತಾರೆ, ಕತ್ತಲಾದ್ಮೇಲೆ ಎಣ್ಣೆ ಹೊಡೆಯೋರು ಬಂದು ಕೂರ್ತಾರೆ, ಬಾಟ್ಲಿ ಒಡೀತಾರೆ. ಇದಕ್ಕೆ ಅಭಿವೃದ್ಧಿ ವಿರೋಧಿಗಳು ಅಂತ ಹಣೆಪಟ್ಟಿ ಹಚ್ಚೋದು ತಪ್ಪು. ಬದಲಿಗೆ ಬೇರೆ ಕಡೆ ಏನಾಗಿದೆ ನೋಡ್ಬೇಕು.

ಅಮೆರಿಕದ ಸಿಯಾಟಲ್ ಊರಲ್ಲಿ ಬರ್ಕ್-ಗಿಲ್ಮನ್ ಟ್ರೇಲ್ ಅಂತ ಒಂದಿದೆ, ರೈಲು ನಿಂತುಹೋದ ಹಳಿ ಜಾಗದಲ್ಲಿ ಮಾಡಿದ್ದು, 1978ರಲ್ಲಿ ಶುರುವಾಯ್ತು. ಅಲ್ಲೂ ಅಕ್ಕಪಕ್ಕದ ಮನೆಯವ್ರು ಇದೇ ಹೇಳಿದ್ರು, ಕಳ್ಳತನ ಜಾಸ್ತಿ ಆಗತ್ತೆ, ಮನೆ ರೇಟ್ ಬೀಳತ್ತೆ ಅಂತ. 1987ರಲ್ಲಿ ಆ ನಗರದ ಎಂಜಿನಿಯರಿಂಗ್ ವಿಭಾಗದವ್ರು ಕೂತು ಸ್ಟಡಿ ಮಾಡಿದಾಗ ದಾರಿಯಿಂದ ಕಳ್ಳತನ ಜಾಸ್ತಿ ಆಗಿಲ್ಲ, ದಾರಿಗೆ ಅಂಟಿಕೊಂಡಿಲ್ಲದ ಆದ್ರೆ ಹತ್ರ ಇರೋ ಮನೆಗಳು ಸರಾಸರಿ ಶೇ. 6ರಷ್ಟು ಜಾಸ್ತಿ ರೇಟಿಗೆ ಹೋದ್ವು ಅಂತ ಗೊತ್ತಾಯ್ತು. ಇದನ್ನ ನಾನು ಖುಷಿಯಿಂದ್ಲೇ ಹೇಳ್ತೀನಿ, ಆದ್ರೆ ಇದ್ರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಲಾಭ ಆಗಿದ್ದು ಹತ್ರದ ಮನೆಗೆ, ಅಂಟಿಕೊಂಡಿರೋ ಮನೆಗಲ್ಲ. ಅಂದ್ರೆ ದಾರಿ ಆಗ್ಲಿ ಅಂತ ಜೋರಾಗಿ ಕೈಯೆತ್ತೋರು ಎರಡನೇ ಸಾಲಿನವ್ರು, ಹಿತ್ತಲು ಬಯಲಾಗೋದು ಮೊದಲನೇ ಸಾಲಿನವ್ರದ್ದು. ಮೀಟಿಂಗಲ್ಲಿ ಕೈಯೆಣಿಸಿ ತೀರ್ಮಾನ ಮಾಡಿದ್ರೆ ಮೊದಲನೇ ಸಾಲು ಯಾವತ್ತೂ ಸೋಲತ್ತೆ. ಅವ್ರಿಗೆ ಬೇಕಾಗಿರೋದು ವೋಟಲ್ಲ, ಎದೆ ಮಟ್ಟದ ಗಿಡದ ಬೇಲಿ, ಕೆಳಮುಖ ಇರೋ ಲೈಟು, ಹಿಂಬಾಗಿಲ ಎದುರು ಬೆಂಚ್ ಹಾಕಲ್ಲ ಅನ್ನೋ ಖಾತ್ರಿ. ಇದೆಲ್ಲಾ ಕೊಡಬಹುದಾದ್ದೇ, ಕೇಳಿದ್ರೆ ತಾನೇ ಗೊತ್ತಾಗೋದು.

ಅದೇ ಸಿಯಾಟಲ್ ದಾರಿಯಲ್ಲಿ ಒಂದು ತುಂಡು ಇದೆ, ಬ್ಯಾಲರ್ಡ್ ಅನ್ನೋ ಕಡೆ, ಎರಡೂಕಾಲು ಕಿಲೋಮೀಟರ್ ಆಗ್ಬಹುದು, ಊರವ್ರು ಅದಕ್ಕೆ ಮಿಸ್ಸಿಂಗ್ ಲಿಂಕ್ ಅಂತಾರೆ. ಜಲ್ಲಿ ಕಾಂಕ್ರೀಟ್ ಘಟಕಗಳ ಲಾರಿ ಗೇಟ್ ಎದುರೇ ಸೈಕಲ್ ದಾರಿ ಹಾಯ್ಬೇಕಾ ಬೇಡ್ವಾ ಅಂತ ಇಪ್ಪತ್ತು ವರ್ಷಕ್ಕೂ ಮೇಲೆ ಕೋರ್ಟು ಕಚೇರಿ ನಡೀತು. ಅಷ್ಟರಲ್ಲಿ ಅಲ್ಲಿ ಹಳಿ ದಾಟೋವಾಗ ಚಕ್ರ ಸಿಕ್ಕಿ ಬಿದ್ದ ಸೈಕಲ್‌ನವರು ಲೆಕ್ಕ ಇಲ್ಲ. ಎಷ್ಟೋ ಮೈಲಿ ಸುಸೂತ್ರ ಆಗಿ ಊರ ಮಧ್ಯದ ಅಷ್ಟೇ ಅಷ್ಟು ಜಾಗ ನಿಂತು ಹೋಯ್ತು.

ನಮ್ಮೂರಿಗೆ ಅದು ಯಾವ ಜಾಗ ಅಂತ ಬಜಾರಲ್ಲಿ ಓಡಾಡಿದ ಯಾರಿಗಾದ್ರೂ ಗೊತ್ತಾಗತ್ತೆ. ಹೊಳೆಯಿಂದ ಮೇಲೆ ಬಂದು ಗಾಂಧಿ ಬಜಾರ್, ನೆಹರು ರೋಡ್ ಆಸುಪಾಸು ದಾಟಿ ದುರ್ಗಿಗುಡಿ ಕಡೆ ಹೋಗೋ ತುಂಡು. ಬೆಳಿಗ್ಗೆ ಗೂಡ್ಸ್ ಆಟೋಗಳು ಸಾಲಾಗಿ ನಿಂತು ಮೂಟೆ ಇಳಿಸ್ತಿರ್ತಾವೆ, ಹೂವಿನೋರು ಬುಟ್ಟಿ ಇಟ್ಟಿರ್ತಾರೆ, ಸೊಪ್ಪಿನ ಅಜ್ಜಿ ಗೋಣಿಚೀಲ ಹಾಸಿ ಕೂತಿರ್ತಾಳೆ. ಇಲ್ಲಿ ದಾರಿ ತರ್ಬೇಕಾದ್ರೆ ಎರಡೇ ದಾರಿ, ಒಂದು ಇವ್ರನ್ನ ಎಬ್ಬಿಸೋದು, ಇನ್ನೊಂದು ಇವ್ರ ಜೊತೆ ಕೂತು ಯಾವ ಹೊತ್ತಲ್ಲಿ ಯಾರಿಗೆ ಎಷ್ಟು ಜಾಗ ಅಂತ ಮಾತಾಡೋದು. ಕಾನೂನು ಎರಡನೇದ್ರ ಕಡೆಗಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರ್ಬೇಕು, ಅದ್ರಲ್ಲಿ ಶೇ. 40ಕ್ಕೆ ಕಮ್ಮಿ ಇಲ್ಲದ ಹಾಗೆ ವ್ಯಾಪಾರಿಗಳೇ ಆರಿಸಿ ಕಳ್ಸಿದ ಪ್ರತಿನಿಧಿಗಳಿರ್ಬೇಕು, ಅವ್ರಲ್ಲಿ ಮೂರನೇ ಒಂದು ಭಾಗ ಹೆಂಗಸರು, ಜಾಗ ಬಿಡಿಸೋದಾದ್ರೆ 30 ದಿನ ಮುಂಚೆ ನೋಟಿಸ್ ಕೊಡ್ಬೇಕು. ಅಹಮದಾಬಾದಲ್ಲಿ ಸಾಬರಮತಿ ದಂಡೆ ಅಭಿವೃದ್ಧಿ ಆದಾಗ ಭಾನುವಾರದ ಗುಜರಿ ಬಜಾರಿನ ವ್ಯಾಪಾರಿಗಳು ಹೈಕೋರ್ಟಿಗೆ ಹೋದ್ರು, ಕೊನೆಗೆ ದಂಡೆ ಮೇಲೇ ಅವ್ರಿಗೆ ಜಾಗ ಆಯ್ತು. ಕೋರ್ಟಿಗೆ ಹೋಗೋ ತನಕ ಕಾಯ್ಬೇಕಾ ನಾವು?

ಕೇಳೋದು ಅಂದ್ರೆ ಏನು ಅನ್ನೋದಕ್ಕೆ ಬರ್ತೀನಿ. ಶೆರ್ರಿ ಆರ್ನ್‌ಸ್ಟೈನ್ ಅನ್ನೋ ಅಮೆರಿಕದ ಮಹಿಳೆ 1969ರಲ್ಲೇ ಇದನ್ನ ಎಂಟು ಮೆಟ್ಟಿಲಿನ ಏಣಿ ಅಂತ ಬರೆದ್ರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನ ಒಪ್ಪಿಸೋ ನಾಟಕ, ಮಧ್ಯದಲ್ಲಿ ತಿಳಿಸೋದು, ಕೇಳ್ಕೊಳ್ಳೋದು, ಮೇಲಿನ ಮೆಟ್ಟಿಲಲ್ಲಿ ಜನರ ಕೈಗೇ ತೀರ್ಮಾನ. ನಾನು ಕೂತು ನೋಡಿದ ಒಂದು ಅಭಿಪ್ರಾಯ ಸಂಗ್ರಹ ಸಭೆ ಹೇಗಿತ್ತು ಅಂದ್ರೆ, ವಾರದ ಮಧ್ಯ ಬೆಳಿಗ್ಗೆ ಹನ್ನೊಂದು ಗಂಟೆ, ಎಸಿ ಹಾಲ್, ಸ್ಕ್ರೀನ್ ಮೇಲೆ ಬಣ್ಣಬಣ್ಣದ ಚಿತ್ರ, ಚಿತ್ರದಲ್ಲಿ ನಡೀತಿರೋ ಜನ ಯಾರೂ ನಮ್ಮೂರೋರ ಥರ ಇರ್ಲಿಲ್ಲ. ಕೊನೆಲಿ ಇನ್ನೇನಾದ್ರೂ ಸಲಹೆ ಇದ್ರೆ ಹೇಳಿ ಅಂದ್ರು. ನಮ್ಮಲ್ಲೊಬ್ರು ಎದ್ದು ಮರ ಎಷ್ಟು ಹೋಗತ್ತೆ ಅಂತ ಕೇಳಿದ್ರು, ಡಿಪಿಆರ್ (ಯೋಜನೆಯ ಪೂರ್ತಿ ವರದಿ) ಆಗ್ಲೇ ಅಪ್ರೂವ್ ಆಗಿದೆ ಸರ್ ಅಂತ ಉತ್ತರ ಬಂತು. ಬಂದಿದ್ದವ್ರಲ್ಲಿ ಹೆಚ್ಚಿನವ್ರು ಪೆನ್ಷನ್ ಬರೋ ಗಂಡಸ್ರು. ಹಾಲು ಹಾಕೋ ಹುಡುಗ, ಪೌರಕಾರ್ಮಿಕರು, ಮನೆಗೆಲಸದ ಅಕ್ಕ, ಎಂಟನೇ ಕ್ಲಾಸಿನ ಹುಡುಗಿ ಆ ಹೊತ್ತಲ್ಲಿ ಬರೋಕೆ ಸಾಧ್ಯಾನೇ ಇಲ್ಲ, ಆದ್ರೆ ದಾರಿ ದಿನಾ ಬಳಸೋರು ಅವ್ರೇ.

ಎಂಟನೇ ಕ್ಲಾಸಿನ ಹುಡುಗಿ ಅಂದೆ, ಅದು ಸುಮ್ನೆ ಬಂದ ಮಾತಲ್ಲ. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಎಂಟನೇ ಕ್ಲಾಸ್ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ರು, ಮಲೆನಾಡಿನ ರೋಡ್ ರೋಡಲ್ಲಿ ಹೆಣ್ಮಕ್ಳು ಗುಂಪು ಗುಂಪಾಗಿ ಸೈಕಲ್ ತುಳ್ಕೊಂಡು ಹೋಗೋದು ಆವಾಗ ನೋಡಿದ್ವಿ. ಈಗಲೂ ಊರೊಳಗೆ ಸೈಕಲ್ ಅಂದ್ರೆ ಸ್ಕೂಲ್ ಮಕ್ಕಳು, ಪೇಪರ್ ಹಾಕೋರು, ಕೂಲಿಗೆ ಹೋಗೋರು, ಹೆಲ್ಮೆಟ್ ಹಾಕ್ಕೊಂಡು ಭಾನುವಾರ ಸಕ್ರೆಬೈಲಿಗೆ ಹೋಗೋ ನಮ್ಮಂಥೋರು ಕೈಬೆರಳೆಣಿಕೆ. ದಾರಿನ ನಮಗೋಸ್ಕರ ಡಿಸೈನ್ ಮಾಡಿದ್ರೆ ಅದು ಗಾಜನೂರಿಗೆ ಹೋಗೋ ಕಡೆ ಚಂದ ಇರತ್ತೆ, ಮಕ್ಕಳಿಗೋಸ್ಕರ ಮಾಡಿದ್ರೆ ಸ್ಕೂಲ್ ಗೇಟಿಗೆ ಹೋಗಿ ನಿಲ್ಲತ್ತೆ. ನನ್ನ ವೋಟು ಎರಡನೇದಕ್ಕೆ.

ಕಾನೂನಿನ ಪ್ರಕಾರ ಇದನ್ನೆಲ್ಲಾ ಮಾತಾಡೋ ಜಾಗ ವಾರ್ಡ್ ಸಮಿತಿ. ಸಂವಿಧಾನದ 74ನೇ ತಿದ್ದುಪಡಿ 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನ ಇರೋ ನಗರಕ್ಕೆ ವಾರ್ಡ್ ಸಮಿತಿ ಇರ್ಬೇಕು ಅನ್ನತ್ತೆ, 2011ರ ಜನಗಣತಿಲೇ ಶಿವಮೊಗ್ಗ 3.22 ಲಕ್ಷ ಇತ್ತು. 35 ವಾರ್ಡಿನ ಕಾರ್ಪೊರೇಟರ್‌ಗಳ ಅವಧಿ 2023ರ ನವೆಂಬರಲ್ಲಿ ಮುಗಿದು ಪಾಲಿಕೆ ಆಡಳಿತಾಧಿಕಾರಿ ಕೈಗೆ ಹೋಯ್ತು. ಕಾರ್ಪೊರೇಟರ್ ಬಗ್ಗೆ ನಮಗೆ ಎಷ್ಟೇ ಸಿಟ್ಟಿದ್ರೂ ಮನೆ ಬಾಗಿಲಿಗೆ ಹೋಗಿ ಜಗಳ ಆಡಬಹುದಾದ ಒಬ್ಬ ಮನುಷ್ಯ ಅವ್ರು. ಆ ಮನುಷ್ಯ ಇಲ್ಲದ ಹೊತ್ತಲ್ಲಿ ಊರು ಸೀಳಿ ಹೋಗೋ ಯಾವ್ದೇ ಯೋಜನೆ ಆದ್ರೂ ಕೇಳೋ ಕೆಲಸ ದುಪ್ಪಟ್ಟು ಜಾಸ್ತಿ ಆಗ್ಬೇಕು, ಕಮ್ಮಿ ಅಲ್ಲ.

ಏನು ಕೇಳ್ಬೇಕು ಅನ್ನೋದೂ ಮುಖ್ಯ. ದಾರಿ ಬೇಕಾ ಅಂತ ಕೇಳಿದ್ರೆ ಎಲ್ರೂ ಬೇಕು ಅಂತಾರೆ, ಅದ್ರಿಂದ ಏನೂ ಗೊತ್ತಾಗಲ್ಲ. ಏರಿಯ ಯಾವ ಕಡೆ? ಎಷ್ಟು ಅಗಲ? ಯಾವ ಮರ ಉಳೀಬೇಕು? ರಾತ್ರಿ ಎಷ್ಟು ಹೊತ್ತಿನ ತನಕ ಲೈಟು? ಸವಳಂಗ ರೋಡ್, ಸಾಗರ ರೋಡಿನಂಥ ದೊಡ್ಡ ರೋಡ್ ಎದುರಾದ್ರೆ ಹೇಗೆ ದಾಟ್ತೀರಾ? ಈ ಕೊನೇದನ್ನ ನಾನು ಮೊದಲಿಡ್ತೀನಿ. ಎರಡು ಕಿಲೋಮೀಟರ್ ನೆಮ್ಮದಿಯಾಗಿ ಬಂದು ಒಂದು ದೊಡ್ಡ ರೋಡ್ ಸಿಕ್ಕಾಗ ಅಲ್ಲಿ ಬಸ್ಸು ಲಾರಿ ಮಧ್ಯ ನುಗ್ಬೇಕು ಅಂದ್ರೆ ಯಾವ ತಾಯಿ ಮಗುನ ಒಂಟಿಯಾಗಿ ಕಳಿಸ್ತಾಳೆ? ದಾಟೋ ಜಾಗನ ಫುಟ್‌ಪಾತಿನ ಎತ್ತರಕ್ಕೆ ಏರಿಸಿ, ಗಾಡಿಗಳೇ ಹತ್ತಿ ಇಳಿಯೋ ಹಾಗೆ ಮಾಡಿದ್ರೆ ಸ್ಪೀಡ್ ತಾನಾಗೇ ಬೀಳತ್ತೆ. ಟೈಲ್ಸಿಗೆ ಹಾಕೋ ದುಡ್ಡಲ್ಲಿ ಸ್ವಲ್ಪ ಇಲ್ಲಿಗೆ ಹಾಕಿ ಅಂತ ಹೇಳೋಕೆ ಜನ ಬೇಕು, ಯಾಕಂದ್ರೆ ಉದ್ಘಾಟನೆ ಫೋಟೋದಲ್ಲಿ ಟೈಲ್ಸ್ ಕಾಣತ್ತೆ, ಕ್ರಾಸಿಂಗ್ ಕಾಣಲ್ಲ.

ಟೈಲ್ಸ್ ಅಂದ್ಮೇಲೆ ನೆನಪಾಯ್ತು. ತೀರ್ಥಹಳ್ಳಿ ಕಡೆ ನಮ್ಮಜ್ಜಿ ಮನೇಲಿ ಮಳೆಗಾಲಕ್ಕೆ ಮುಂಚೆ ಅಂಗಳದಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಹಾಸ್ತಿದ್ರು, ಕೊಟ್ಟಿಗೆಗೆ, ಬಚ್ಚಲಿಗೆ, ಬಾವಿಕಟ್ಟೆಗೆ ಹೋಗೋ ದಾರಿಗೆಲ್ಲಾ. ಯಾಕಂದ್ರೆ ಆಷಾಢದಲ್ಲಿ ಪಾಚಿ ಕಟ್ಟಿದ ನೆಲದ ಮೇಲೆ ಕಾಲಿಟ್ರೆ ಸೊಂಟ ಮುರಿಯೋದು ಗ್ಯಾರಂಟಿ. ಈ ಬುದ್ಧಿ ಮಲೆನಾಡಿನ ಪ್ರತಿ ಮನೆಲೂ ಇದೆ. ಆದ್ರೂ ನಾವು ಮರದ ನೆರಳಲ್ಲಿ ನುಣುಪು ಟೈಲ್ಸ್ ಹಾಕ್ತೀವಿ, ಜುಲೈ ಬಂದ್ರೆ ಹಸಿರು ಪಾಚಿ ಕಟ್ಟತ್ತೆ, ನಡೆಯೋರು ಟೈಲ್ಸ್ ಬಿಟ್ಟು ಪಕ್ಕದ ಹುಲ್ಲಲ್ಲಿ ಹೋಗ್ತಾರೆ. ಏರಿಗೆ ಒರಟು ಕಾಂಕ್ರೀಟೋ, ಚೆನ್ನಾಗಿ ರೋಲ್ ಮಾಡಿ ಸ್ವಲ್ಪ ಇಳಿಜಾರು ಕೊಟ್ಟ ಗರಸೋ ಸಾಕು, ನೀರು ನಿಲ್ಬಾರದು ಅಷ್ಟೆ. ಯಾವ ಕನ್ಸಲ್ಟೆಂಟಿಗಿಂತ ಅಂಗಳಕ್ಕೆ ದಬ್ಬೆ ಹಾಸಿದ ಅಜ್ಜಿಗೆ ಇದು ಚೆನ್ನಾಗಿ ಗೊತ್ತು, ಅವ್ಳನ್ನ ಕೇಳಿದ್ರೆ ಅವ್ಳು ಹೇಳ್ತಾಳೆ.

ಇನ್ನು ಬೈಕು. ಎಲ್ಲಾ ಸಭೆಲೂ ಬರೋ ಮಾತು, ಬೈಕ್ ಬರದ ಹಾಗೆ ಕಂಬ ನೆಡಿ ಅಂತ. ಇದ್ರಲ್ಲಿ ಒಂದು ಲೆಕ್ಕ ಇದೆ. ಸ್ಕೂಟರಿನ ಹ್ಯಾಂಡಲ್ ಅಗಲ ಸುಮಾರು 70 ಸೆಂಟಿಮೀಟರ್. ವೀಲ್‌ಚೇರ್ ಆರಾಮಾಗಿ ಹೋಗೋಕೆ 90 ಸೆಂಟಿಮೀಟರ್ ಸಂದು ಬೇಕು. ಅಂದ್ರೆ ಸ್ಕೂಟರ್ ತಡೆಯೋ ಯಾವ ಸಂದೂ ವೀಲ್‌ಚೇರನ್ನೂ ತಡೆಯತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದ್ಮೇಲೆ ಹಾಗೆ ತಡೆಯೋ ಹಾಗೂ ಇಲ್ಲ. ಹಾಗಾಗಿ ಕಂಬದಿಂದ ಇದು ಬಗೆಹರಿಯಲ್ಲ. ಬೈಕ್‌ನವರು ಏರಿ ಮೇಲೆ ಯಾಕೆ ಬರ್ತಾರೆ ಅಂತ ನೋಡ್ಬೇಕು. ನಮ್ಮ ಕಡೆ ನೋಡಿದ್ರೆ ಚಾನಲ್ ದಾಟೋಕೆ ಸೇತುವೆ ದೂರ, ಸುತ್ತಿ ಬರೋ ಬದಲು ಏರಿ ಹಿಡೀತಾರೆ. ಅಲ್ಲೊಂದು ಸಣ್ಣ ಸೇತುವೆ ಆದ್ರೆ ಅರ್ಧ ಬೈಕು ತಾನಾಗೇ ಹೋಗತ್ತೆ. ಇದು ಗೊತ್ತಾಗಿದ್ದು ಏರಿ ಮೇಲೆ ನಿಂತು ನಾಲ್ಕು ಜನ ಬೈಕ್‌ನವರನ್ನ ನಿಲ್ಸಿ ಎಲ್ಲಿಗೆ ಹೊರಟ್ರಿ ಅಂತ ಕೇಳಿದ್ಮೇಲೆ.

ಅದಕ್ಕೇ ನಾನು ಹೇಳೋದು ಹಾಲ್ ಬಿಟ್ಟು ಏರಿಗೆ ಬನ್ನಿ ಅಂತ. ಗೆರೆ ಎಳೆಯೋಕ್ ಮುಂಚೆ ಮೊದಲು ಎಣಿಸಿ. ಬೆಳಿಗ್ಗೆ ಐದೂವರೆಯಿಂದ ಏಳೂವರೆ, ಮಧ್ಯಾಹ್ನ ಒಂದು ಗಂಟೆ, ಸಂಜೆ ನಾಲ್ಕರಿಂದ ಆರು, ರಾತ್ರಿ ಒಂಬತ್ತು, ಒಂದು ವಾರದ ದಿನ, ಒಂದು ಭಾನುವಾರ, ಮಳೆಗಾಲದಲ್ಲಿ ಒಂದ್ಸಲ ಬೇಸಿಗೆಲಿ ಒಂದ್ಸಲ. ಹೆಂಗಸ್ರು ಎಷ್ಟು, ಮಕ್ಕಳೆಷ್ಟು, ಸೈಕಲ್ ಎಷ್ಟು, ದನ ಎಷ್ಟು. ಕಾಲೇಜ್ ಹುಡುಗ್ರು ನೋಟ್‌ಬುಕ್ಕಲ್ಲಿ ಗೀಟು ಹಾಕಿ ಮಾಡಬಹುದಾದ ಕೆಲಸ. ರಾತ್ರಿ ಒಂಬತ್ತಕ್ಕೆ ಒಬ್ಳು ಹೆಂಗಸೂ ಇಲ್ಲ ಅಂದ್ರೆ ಅದೂ ಒಂದು ಅಭಿಪ್ರಾಯಾನೇ, ಬಾಯಲ್ಲಿ ಹೇಳ್ಲಿಲ್ಲ ಅಷ್ಟೆ. ಆಮೇಲೆ ಎಂಜಿನಿಯರು, ಅಕ್ಕಪಕ್ಕದ ಮನೆಯವ್ರು, ವೀಲ್‌ಚೇರಲ್ಲಿರೋ ಒಬ್ರು, ಸ್ಕೂಲ್ ಮಕ್ಕಳು ಎಲ್ಲಾ ಸೇರಿ ಪೂರ್ತಿ ದಾರಿ ಒಂದ್ಸಲ ನಡೀರಿ. ಯಾರು ಏನು ಹೇಳಿದ್ರು, ಯಾವ್ದು ಒಪ್ಪಿದ್ವಿ, ಯಾವ್ದು ಯಾಕೆ ಆಗಲ್ಲ ಅಂತ ಕನ್ನಡದಲ್ಲಿ ಬರೆದು ಹಾಲಿನ ಬೂತಲ್ಲಿ, ನ್ಯಾಯಬೆಲೆ ಅಂಗಡಿಲಿ ಅಂಟಿಸಿ. ಜನರಿಗೆ ಬೇಜಾರಾಗೋದು ಇಲ್ಲ ಅಂದಿದ್ದಕ್ಕಲ್ಲ, ಹೇಳಿದ್ದು ಎಲ್ಲಿ ಹೋಯ್ತು ಅಂತಾನೇ ಗೊತ್ತಾಗದೇ ಇರೋದಕ್ಕೆ.

ಹೋದ ಬೇಸಿಗೆಲಿ ನಾವು ಆರೇಳು ಜನ ಒಂದು ಕೆಲಸ ಮಾಡಿದ್ವಿ. ಕಬಡ್ಡಿ ಕೋರ್ಟಿಗೆ ಹಾಕೋ ಸುಣ್ಣದ ಪುಡಿ ತಂದು ಏರಿ ಮೇಲೆ ಒಂದು ನೂರಡಿ ಉದ್ದಕ್ಕೆ, 10 ಅಡಿ ಅಗಲಕ್ಕೆ ಎರಡು ಗೆರೆ ಎಳೆದ್ವಿ, ಟೇಪ್ ಹಿಡಿದು ಅಳೆದು. ಪೇಪರ್ ಮೇಲೆ 10 ಅಡಿ ಅಂದ್ರೆ ಯಾರಿಗೂ ಏನೂ ಅನ್ಸಲ್ಲ, ನೆಲದ ಮೇಲೆ ಬಿಳಿ ಗೆರೆ ಬಿದ್ದ ತಕ್ಷಣ ಜನ ಮನೆಯಿಂದ ಹೊರಗೆ ಬಂದ್ರು. ಏನ್ರೀ ಇದು, ಯಾರ್ರೀ ನೀವು, ರೋಡ್ ಮಾಡ್ತೀರಾ ಅಂತ. ಅರ್ಧ ಗಂಟೆಲಿ ಇಪ್ಪತ್ತು ಜನ ಸೇರಿದ್ರು, ಅದ್ರಲ್ಲಿ ಹದಿನಾಲ್ಕು ಜನ ಹೆಂಗಸ್ರು. ಅಂಥ ಸಭೆ ನಾನು ಯಾವ ಹಾಲಲ್ಲೂ ನೋಡಿಲ್ಲ.

ನೀರಿನ ಕಡೆ ಗೆರೆ ಸರಿಯಾಗಿ ಒಂದು ಒಗೆಯೋ ಕಲ್ಲಿನ ಮೇಲೆ ಹಾದಿತ್ತು. ಮೆಟ್ಲು ಹತ್ತಿ ಬಂದ್ರೆ ಸಿಗೋ ಚಪ್ಪಡಿ ಕಲ್ಲು, ಮಧ್ಯ ಸವೆದು ತಟ್ಟೆ ಥರ ಆಗಿದೆ, ಒಂದು ತುದಿಗೆ ನೀಲಿ ಸೋಪಿನ ತುಂಡು ಯಾವಾಗ್ಲೂ ಇರತ್ತೆ. ಪಕ್ಕದ ಓಣಿಯ ಒಬ್ಬ ಅಜ್ಜಿ ಸೊಂಟದ ಮೇಲೆ ಬಕೆಟ್ ಇಟ್ಕೊಂಡು ಬಂದು ಗೆರೆ ನೋಡಿ, ಕಲ್ಲು ನೋಡಿ, "ಇದನ್ನ ಎಲ್ಲಿಗೆ ಹಾಕ್ತೀರಪ್ಪ?" ಅಂದ್ರು. ಮೂವತ್ತು ವರ್ಷದಿಂದ ಅವ್ರು ಒಗೆಯೋ ಕಲ್ಲಂತೆ. ನಮ್ಮ ಹತ್ರ ಉತ್ತರ ಇರ್ಲಿಲ್ಲ. ಟೇಪ್ ಹಿಡಿದು ಮತ್ತೆ ಅಳೆದ್ವಿ, ದಾರಿನ ಎರಡಡಿ ಮನೆ ಕಡೆ ಸರಿಸಿದ್ರೆ ಕಲ್ಲು ಉಳಿಯತ್ತೆ, ಆದ್ರೆ ಆ ಕಡೆ ಒಬ್ರು ಕಾಂಪೌಂಡ್ ಆಚೆ ಹಾಕಿರೋ ದಾಸವಾಳದ ಸಾಲು ಹೋಗತ್ತೆ. ಅವ್ರನ್ನೂ ಕರೆದು ತೋರಿಸಿದ್ವಿ. ಅವ್ರು ಗಿಡ ನೋಡಿದ್ರು, ಅಜ್ಜಿ ಬಕೆಟ್ ನೋಡಿದ್ರು, ಸ್ವಲ್ಪ ಹೊತ್ತು ಸುಮ್ನಿದ್ದು "ದಾಸವಾಳ ಅಲ್ವಾ, ಮಳೆ ಹಿಡಿದ್ಮೇಲೆ ಟೊಂಗೆ ಮುರಿದು ಈಚೆ ನೆಟ್ಕೋತೀನಿ ಬಿಡಿ ಅಜ್ಜಿ, ಆದ್ರೆ ನನ್ನ ನೀರಿನ ಪೈಪ್ ಮಾತ್ರ ಇದೇ ಕೆಳಗಿದೆ, ಅದನ್ನ ಮುಟ್ಬೇಡಿ ಅಂತ ಬರ್ಕೊಳ್ಳಿ" ಅಂದ್ರು. ಬರ್ಕೊಂಡ್ವಿ. ಹಳೇ ಗೆರೆನ ಕಾಲಲ್ಲಿ ಅಳಿಸಿ, ಅಷ್ಟು ಉದ್ದಕ್ಕೆ ಕಲ್ಲನ್ನ ಬಿಟ್ಟು ಸುತ್ತಿ ಹೊಸ ಗೆರೆ ಎಳೆದ್ವಿ.